ಗುಳಿಗನಿಗೆ ಹೇಳಿದ ಕೋಳಿ

ನನ್ನ ಬಲಗೈಯಲ್ಲಿ, ಮಣಿಕಟ್ಟಿನಿಂದ ಮೊಣಕೈಯ ಕಡೆಗೆ ಹೋಗುವ ಒಂದು ಬಿಳಿಯ ಗೆರೆ ಇದೆ. ಕಾಪುವಿನ ನನ್ನ ವೆಲ್ಡಿಂಗ್ ಶಾಪಿಗೆ ಗೇಟು, ಗ್ರಿಲ್ಲು ಮಾಡಿಸಲು ಬರುವವರು ಅದನ್ನು ನೋಡಿ, ಕಟ್ಟಿಂಗ್ ಮೆಷಿನ್ ತಾಗಿದ್ದೋ ಎಂದು ಕೇಳುತ್ತಾರೆ. ನನಗೆ ಸಿಟ್ಟು ಬರುತ್ತದೆ. ಇಷ್ಟು ವರ್ಷ ಕಬ್ಬಿಣದ ಜೊತೆ ಬದುಕಿದ ಈ ಕೈಯನ್ನು ಯಾವ ಮೆಷಿನ್ನೂ ಕಚ್ಚಿಲ್ಲ. ಕಚ್ಚುವ ಹಾಗೆ ನಾನು ಕೆಲಸ ಮಾಡಿಲ್ಲ. "ಇದು ಕೋಳಿ ಕೊಯ್ದದ್ದು" ಎಂದರೆ ಅವರಿಗೆ ನಗು. ಕೋಳಿಯನ್ನು ನಾವು ಕೊಯ್ಯುವುದಲ್ಲವೇ, ಕೋಳಿ ನಮ್ಮನ್ನು ಕೊಯ್ಯುವುದುಂಟೇ ಎಂದು. ನಾನು ಏಳನೇ ಕ್ಲಾಸಿನ ಆಚೆ ಶಾಲೆಯ ಮೆಟ್ಟಿಲು ಹತ್ತಿದವನಲ್ಲ, ಅದನ್ನು ಯಾರಲ್ಲಿಯೂ ಮುಚ್ಚಿಟ್ಟವನೂ ಅಲ್ಲ. ಕೈ ಕಲಿತ ಕೆಲಸದಲ್ಲಿ ಮನೆ ಕಟ್ಟಿದ್ದೇನೆ, ಮಕ್ಕಳನ್ನು ದಡ ಸೇರಿಸಿದ್ದೇನೆ. ಈ ಕೈ ಮೊಟ್ಟಮೊದಲು ಕಲಿತ ಕೆಲಸ ಯಾವುದೆಂದು ಕೇಳಿದರೆ, ಕೋಳಿ ಎತ್ತಿಕೊಳ್ಳುವುದು. ಅದನ್ನು ಕಲಿತದ್ದು ಕುಕ್ಕುಂದೂರಿನ ನಮ್ಮ ಮನೆಯಲ್ಲಿ, ಎಲ್ಲರ ಕಣ್ಣು ತಪ್ಪಿಸಿ.

ಆ ಮನೆಯಲ್ಲಿ ನಾವು ನಾಲ್ಕು ಜನ. ಅಜ್ಜಿ, ಅಂದರೆ ಅಮ್ಮನ ತಾಯಿ. ಅಮ್ಮ. ಅಮ್ಮನ ಅಣ್ಣ ಶೀನ ಮಾವ. ಮತ್ತು ನಾನು. ಅಪ್ಪ ಮುಂಬಯಿಯ ಹೋಟೆಲಿನಲ್ಲಿದ್ದವರು, ರಜೆ ಸಿಕ್ಕಿದಾಗ ಬರುವ ನೆಂಟನ ಹಾಗೆ. ಮುರಕಲ್ಲಿನ ಗೋಡೆ, ಹಂಚಿನ ಮಾಡು, ಎದುರಿಗೆ ಉದ್ದನೆಯ ಚಾವಡಿ, ಒಳಗೆ ಒಂದೇ ಕೋಣೆ, ಅದರಾಚೆ ಅಡುಗೆಮನೆ. ಚಾವಡಿಯ ಗೋಡೆಗೆ ಒರಗಿ ಅಮ್ಮ ಬೆಳಗ್ಗಿನಿಂದ ಸಂಜೆಯ ತನಕ ಬೀಡಿ ಕಟ್ಟುತ್ತಿದ್ದಳು. ತೊಡೆಯ ಮೇಲೆ ಮೊರ, ಮೊರದಲ್ಲಿ ಎಲೆ, ಹೊಗೆಸೊಪ್ಪು, ನೂಲು. ಅಂಗಳದ ಮೂಲೆಯಲ್ಲಿ ಕಾಸರಕನ ಮರ, ಅದರ ಬುಡದಲ್ಲಿ ಒಂದು ಕಲ್ಲು. ಅದು ನಮ್ಮ ಮನೆಯನ್ನು ಕಾಯುವ ದೈವ, ಗುಳಿಗ. ಅಂಗಳದ ಉಳಿದ ಜಾಗವೆಲ್ಲ ಮಾವನ ಹುಂಜಗಳದ್ದು. ಮಾವ ವಾರವಿಡೀ ಕಲ್ಲಿನ ಕೋರೆಯಲ್ಲಿ ಕಲ್ಲು ಒಡೆಯುತ್ತಿದ್ದರು, ಆದಿತ್ಯವಾರ ಕೋಳಿ ಅಂಕಕ್ಕೆ, ಅಂದರೆ ಕೋಳಿ ಕಾಳಗಕ್ಕೆ, ಹೋಗುತ್ತಿದ್ದರು. ಒಂದೊಂದು ಗೂಟಕ್ಕೆ ಒಂದೊಂದು ಹುಂಜ. ಒಂದರ ಕಾಲಿನ ಹಗ್ಗ ಇನ್ನೊಂದರ ಹಗ್ಗಕ್ಕೆ ತಾಗದಷ್ಟು ದೂರ. ನಮಗೆ ಗಂಜಿಯ ಜೊತೆ ಒಣಮೀನಿನ ಚಟ್ನಿಯಾದರೆ, ಅವಕ್ಕೆ ನೆನೆಸಿದ ರಾಗಿ, ಹಸಿ ತೆಂಗಿನಕಾಯಿ. ಅಮ್ಮ ಮೊರದಿಂದ ತಲೆ ಎತ್ತದೆಯೇ ಹೇಳುತ್ತಿದ್ದಳು:

"ಅಣ್ಣ, ಮುಂದಿನ ಜನ್ಮ ಅಂತ ಇದ್ದರೆ ನಾನು ನಿನ್ನ ಹುಂಜವಾಗಿ ಹುಟ್ಟುತ್ತೇನೆ."

"ಹುಟ್ಟು ಮಾರಾಯ್ತಿ. ಆದರೆ ಗೆಲ್ಲಬೇಕು ಮತ್ತೆ!"

ಒಂದು ಆದಿತ್ಯವಾರ ಬೆಳಿಗ್ಗೆ ಮಾವ ಕೆಂಪು ಹುಂಜವೊಂದರ ಕಾಲಿಗೆ ಬಾಳು ಕಟ್ಟಿ ನೋಡುತ್ತಿದ್ದರು. ಬಾಳು ಎಂದರೆ ಅಂಕದಲ್ಲಿ ಹುಂಜದ ಕಾಲಿಗೆ ಕಟ್ಟುವ ಸಣ್ಣ ಕತ್ತಿ. ಎಲೆಯಷ್ಟು ತೆಳು, ಬೆರಳಷ್ಟು ಉದ್ದ. ಕಟ್ಟುವಾಗ ಹುಂಜವನ್ನು ಒಬ್ಬರು ಹಿಡಿಯಬೇಕು. ಹಿಡಿಯುವವನು ಆ ದಿನ ಬರಲಿಲ್ಲ.

"ಬಾ ಅಳಿಯ, ಹಿಡಿ. ಗಂಡುಮಗ ಅಲ್ವಾ ನೀನು?"

ನಾನು ಹಿಡಿದೆ. ರೆಕ್ಕೆ ಹಿಡಿಯಬೇಕಾದ ಕಡೆ ಹಿಡಿಯಲಿಲ್ಲವೋ, ಹಿಡಿತ ಸಡಿಲಾಯಿತೋ. ಹುಂಜ ಒಮ್ಮೆ ಒದೆಯಿತು. ನೋವು ಕೂಡಲೇ ಆಗಲಿಲ್ಲ. ಕೈ ಬಿಸಿಯಾಯಿತು, ಅಷ್ಟೆ. ಆಮೇಲೆ ನೋಡಿದರೆ ಅಂಗಿಯ ತೋಳು, ಚಡ್ಡಿ, ಅಂಗಳದ ಸೆಗಣಿ ಬಳಿದ ನೆಲ ಎಲ್ಲ ಕೆಂಪು. ಕೈಬಿಟ್ಟ ಹುಂಜ ಬಾಳು ಸಮೇತ ಇನ್ನೊಂದು ಹುಂಜದ ಮೇಲೆ ಹಾರಿತು. ಮಾವ ಮೊದಲು ಓಡಿದ್ದು ಹುಂಜದ ಹಿಂದೆ. ಅಮ್ಮ ಮೊರವನ್ನು ಬಿಸಾಡಿ ಓಡಿಬಂದಳು. ಎಲೆಯೂ ಹೊಗೆಸೊಪ್ಪೂ ಗಾಳಿಗೆ ಹಾರುತ್ತಿದ್ದುದು ನನಗೆ ಇವತ್ತಿಗೂ ಕಾಣುತ್ತದೆ.

ಗಾಯ ಒಣಗಿತು. ಹೆದರಿಕೆ ಒಣಗಲಿಲ್ಲ. ಅಂಕದ ಹುಂಜ ಮಾತ್ರವಲ್ಲ, ಕಾಳು ಹೆಕ್ಕುವ ಹೇಂಟೆಯೂ ಹೂಮರಿಯೂ ನನಗೆ ಒಂದೇ ಆದವು. ಅಂಗಳಕ್ಕೆ ಕಾಲಿಡದೆ ಬಚ್ಚಲಿಗೆ ಹೋಗುವ ದಾರಿ ಇಲ್ಲ. ಹಾಗಾಗಿ ಚಾವಡಿಯ ತುದಿಯಲ್ಲೇ ನಿಂತು ಮೂತ್ರ ಮಾಡುತ್ತಿದ್ದೆ, ಅಜ್ಜಿಯಿಂದ ಬೈಸಿಕೊಳ್ಳುತ್ತಿದ್ದೆ. ಶಾಲೆಗೆ ಹೋಗುವಾಗ ಅಮ್ಮ ನನ್ನನ್ನು ಸೊಂಟದ ಮೇಲೆ ಎತ್ತಿಕೊಂಡು ಅಂಗಳ ದಾಟಿಸುತ್ತಿದ್ದಳು. ಅಷ್ಟು ದೊಡ್ಡ ಹುಡುಗ, ಬೆನ್ನಿಗೆ ಚೀಲ, ಕಾಲು ಅಮ್ಮನ ಮೊಣಕಾಲಿಗೆ ತಾಗುತ್ತಿತ್ತು. ಮಾವ ಹಲ್ಲುಜ್ಜುತ್ತ ನೋಡುತ್ತಿದ್ದರು.

"ಕಮಲ, ನಿನ್ನ ಮಗನಿಗೆ ಒಂದು ಪಲ್ಲಕ್ಕಿ ಮಾಡಿಸುವ. ನಾನು ಮುಂದೆ ಹಿಡೀತೇನೆ, ಹುಂಜ ಹಿಂದೆ ಹಿಡೀಲಿ."

ಅಮ್ಮ ಅವರ ಜೊತೆ ಆ ದಿನ ಮಾತಾಡಲಿಲ್ಲ. ಮರುದಿನವೂ ಆಡಲಿಲ್ಲ.

ಒಂದು ಮಧ್ಯಾಹ್ನ ಹೇಂಟೆಯೊಂದು ಒಳಕೋಣೆಗೆ ನುಗ್ಗಿ ನಾನು ಮಲಗಿದ್ದ ಚಾಪೆಯ ಮೇಲೆ ಬಂತು. ನನಗೆ ಎಚ್ಚರವಾದಾಗ ಅದರ ಮುಖ ನನ್ನ ಮುಖದ ಎದುರಿಗಿತ್ತು. ಕಿರುಚಿದ್ದು ನೆನಪಿಲ್ಲ. ಆಮೇಲೆ ಬಂದ ಜ್ವರ ನೆನಪಿದೆ. ಮೈ ಸುಡುತ್ತಿತ್ತು, ಹಲ್ಲು ಕಚ್ಚಿತ್ತು, ಕಣ್ಣು ಮುಚ್ಚಿದರೆ ಕೊಕ್ಕು ಕಾಣುತ್ತಿತ್ತು. ಅಜ್ಜಿ ನನ್ನ ಹಣೆ ಮುಟ್ಟಿ ನೋಡಿದವರು ಹಾಗೆಯೇ ಎದ್ದು ಚಾವಡಿಗೆ ಹೋದರು. ಬಾಯಲ್ಲಿದ್ದ ಎಲೆಅಡಿಕೆ ಉಗಿಯಲೂ ಅವರಿಗೆ ಪುರಸೊತ್ತಿರಲಿಲ್ಲ. ಗುಳಿಗನ ಕಲ್ಲಿಗೆ ಮುಖ ಮಾಡಿ, ನಮ್ಮ ತುಳುವಿನಲ್ಲಿ ಗಟ್ಟಿಯಾಗಿ ಹೇಳಿದರು: ಈ ಮಗುವಿನ ಕೋಳಿ ಹೆದರಿಕೆ ಬಿಟ್ಟುಹೋದರೆ ನಿನಗೆ ಒಂದು ಕೋಳಿ...

ಮುಂದಿನ ಶಬ್ದ ಎಲೆಅಡಿಕೆಯಲ್ಲಿ ಮುಳುಗಿತು. ತುಳುವಿನಲ್ಲಿ 'ಕೊರ್ಪೆ' ಎಂದರೆ ಕೊಡುತ್ತೇನೆ. 'ಕೆರ್ಪೆ' ಎಂದರೆ ಕೊಲ್ಲುತ್ತೇನೆ. ನನ್ನ ಕಿವಿಗೆ ಬಿದ್ದದ್ದು 'ರ್ಪೆ' ಮಾತ್ರ. ಯಾವುದಾದರೇನು, ನಮ್ಮಲ್ಲಿ ಗುಳಿಗನಿಗೆ ಕೋಳಿ ಕೊಡುವುದೆಂದರೆ ಆ ಕಲ್ಲಿನ ಎದುರು ಕೊಯ್ಯುವುದೇ. ಚಾಪೆಯ ಮೇಲೆ ಮಲಗಿದ್ದ ನನಗೆ ಅದನ್ನು ಕೇಳಿ ಸಮಾಧಾನವಾಯಿತು. ಲೋಕದಲ್ಲಿ ಒಂದು ಕೋಳಿ ಕಡಿಮೆಯಾಗುತ್ತದೆ ಎಂದು.

ಆ ಕೋಳಿ ಯಾವುದೆಂದು ಅಜ್ಜಿಯೇ ಗೊತ್ತುಮಾಡಿದರು. ಮುಂಗುಸಿ ಹಿಡಿದ ಹೇಂಟೆಯ ಮರಿಗಳಲ್ಲಿ ಒಂದೇ ಒಂದು ಉಳಿದಿತ್ತು. ಅದರ ತಲೆಯನ್ನು ಬೆರಳಲ್ಲಿ ಸವರಿ, ಜುಟ್ಟು ಮೂಡುವ ಜಾಗ ನೋಡಿ, ಇದು ಹುಂಜವೇ ಎಂದರು. ಕಾಲಿಗೆ ಕೆಂಪು ನೂಲು ಕಟ್ಟಿದರು. ಗುಳಿಗನಿಗೆ ಹೇಳಿದ ಕೋಳಿ ಎಂದರೆ ಮಾರುವ ಹಾಗಿಲ್ಲ, ಅಂಕಕ್ಕೆ ಒಯ್ಯುವ ಹಾಗಿಲ್ಲ, ಹೆಸರಿಡುವ ಹಾಗೂ ಇಲ್ಲ. ಮಳೆಗಾಲ ಹಿಡಿದಿತ್ತು. ತಾಯಿ ಇಲ್ಲದ ಮರಿ ಹೊರಗೆ ಉಳಿಯುವುದಿಲ್ಲವೆಂದು ಅಡುಗೆಮನೆಯ ಒಲೆಯ ಪಕ್ಕ ಬುಟ್ಟಿ ಕವುಚಿ ಅದರಡಿಯಲ್ಲಿ ಇಟ್ಟರು. ನಾನು ಊಟ ಮಾಡುವುದೂ ಅಲ್ಲಿಯೇ. ಬಟ್ಟಲನ್ನು ಎದೆಗೆ ಹಿಡಿದುಕೊಂಡು, ಬಾಗಿಲ ಹತ್ತಿರ ಕುಳಿತು, ಬುಟ್ಟಿಯ ಮೇಲಿನಿಂದ ಕಣ್ಣು ಕೀಳದೆ ಗಂಜಿ ಉಣ್ಣುತ್ತಿದ್ದೆ. ಬುಟ್ಟಿಯ ಒಂದು ಸಂದಿಯಲ್ಲಿ ಒಂದು ಕಣ್ಣು ನನ್ನನ್ನೇ ನೋಡುತ್ತಿತ್ತು. ಒಂದು ದಿನ ಒಂದು ಅಗುಳು ಕೈಜಾರಿ ಆ ಕಡೆ ಬಿತ್ತು. ಕೊಕ್ಕು ಹೊರಗೆ ಬಂತು, ಅಗುಳು ಹೋಯಿತು. ನಾನು ಇನ್ನೊಂದು ಎಸೆದೆ. ಹೆದರಿಕೆಯಿಂದಲೇ ಎಸೆದೆ. ಅದರ ಬಾಯಿಗೆ ಕೆಲಸ ಇದ್ದರೆ ನನ್ನ ಕಡೆ ಬರುವುದಿಲ್ಲವೆಂಬ ಲೆಕ್ಕ.

ಮರಿ ಬೆಳೆಯಿತು, ನೂಲು ಬೆಳೆಯಲಿಲ್ಲ. ಅದು ಒಂದು ಕಾಲು ಎತ್ತಿಕೊಂಡೇ ನಿಲ್ಲುವುದನ್ನು ಮೊದಲು ನೋಡಿದವನು ನಾನು, ಯಾಕೆಂದರೆ ಅದನ್ನು ಅಷ್ಟು ನೋಡುವವರು ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ. ನೂಲು ಕಾಲಿನ ಚರ್ಮದೊಳಗೆ ಇಳಿದಿತ್ತು. ಆ ಹೊತ್ತಿಗೆ ಅಮ್ಮ ಬೀಡಿ ಕೊಟ್ಟುಬರಲು ಹೋಗಿದ್ದಳು, ಮಾವ ಕೋರೆಯಲ್ಲಿ, ಅಜ್ಜಿ ತೋಟದಾಚೆಯ ಮನೆಯಲ್ಲಿ. ಮಳೆಯ ಸದ್ದಿನಲ್ಲಿ ಕೂಗಿದರೂ ಯಾರಿಗೂ ಕೇಳುತ್ತಿರಲಿಲ್ಲ. ನಾನು ಬಾಗಿಲಲ್ಲಿ ನಿಂತೆ. ಎರಡು ಸಲ ಒಳಗೆ ಹೋಗಿ ಎರಡು ಸಲ ಹೊರಗೆ ಬಂದೆ. ಮರಿ ಕೂಗಲಿಲ್ಲ. ಕೂಗಿದ್ದರೆ ಓಡಿಹೋಗುತ್ತಿದ್ದೆನೋ ಏನೋ. ಅದು ಸುಮ್ಮನೆ ಕಾಲು ಎತ್ತಿ ನಿಂತಿತ್ತು. ಕೊನೆಗೆ ಕಣ್ಣು ಮುಚ್ಚಿ ಕೈ ಮುಂದೆ ಮಾಡಿದೆ, ಗಾಯವಾದ ಕೈಯನ್ನೇ. ಎದೆಯಡಿಯಿಂದ ಎತ್ತಿದೆ. ಎಷ್ಟು ಹಗುರ! ಗರಿಯೊಳಗೆ ಮೈಯೇ ಇಲ್ಲವೇನೋ ಎನ್ನುವಷ್ಟು ಹಗುರ, ಆದರೆ ಬೆರಳಿಗೆ ತಾಗಿದ ಜಾಗದಲ್ಲೆಲ್ಲ ಬಿಸಿ. ನೂಲನ್ನು ಹಲ್ಲಿನಿಂದ ಕಡಿದೆ. ಅಮ್ಮನ ಮೊರದಿಂದ ಬೇರೆ ಕೆಂಪು ನೂಲು ತಂದು, ಅಮ್ಮ ಬೀಡಿಗೆ ಹಾಕುವ ಗಂಟನ್ನೇ ಹಾಕಿ, ಸಡಿಲವಾಗಿ ಕಟ್ಟಿದೆ. ಮರಿ ನನ್ನ ತೊಡೆಯ ಮೇಲೆ ಕಣ್ಣು ಮುಚ್ಚಿತು. ಕೋಳಿಯ ರೆಪ್ಪೆ ಕೆಳಗಿನಿಂದ ಮೇಲಕ್ಕೆ ಮುಚ್ಚುತ್ತದೆ ಎಂಬುದನ್ನು ನಾನು ಆವತ್ತು ಕಂಡೆ.

ಹೆಸರಿಡಬಾರದಲ್ಲ, 'ಏ' ಎಂದು ಕರೆಯುತ್ತಿದ್ದೆ. ಏ ಎಂದರೆ ಸಾಕು, ಎಲ್ಲಿದ್ದರೂ ಬರುತ್ತಿತ್ತು. ಮಳೆ ಕಡಿಮೆಯಾಗುವ ಹೊತ್ತಿಗೆ ಅದರ ಕುತ್ತಿಗೆಯಲ್ಲಿ ಚಿನ್ನದ ಬಣ್ಣ ಇಳಿಯಿತು, ಬಾಲ ಬಾಗಿತು. ಮನೆಯವರು ಅತ್ತ ಹೋದ ಕೂಡಲೇ ನಾನು ಅದನ್ನು ಎತ್ತಿಕೊಂಡು ದನದ ಹಟ್ಟಿಯ ಹಿಂದೆ ಕೂರುತ್ತಿದ್ದೆ. ಅದು ನನ್ನ ಅಂಗಿಯ ಗುಂಡಿ ಕುಕ್ಕುತ್ತಿತ್ತು. ಅದರ ದೆಸೆಯಿಂದ ಬೇರೆ ಕೋಳಿಗಳ ಭಯವೂ ಇಳಿಯಿತು. ಒಬ್ಬನ ಪರಿಚಯ ಇದ್ದರೆ ಊರಿನವರೆಲ್ಲ ಪರಿಚಯದವರ ಹಾಗೆ ಕಾಣುತ್ತಾರಲ್ಲ, ಹಾಗೆ. ಈ ಸುದ್ದಿಯನ್ನು ಅಮ್ಮನಿಗೆ ಹೇಳಬೇಕು, ಅವಳೆದುರು ಅಂಗಳ ದಾಟಿ ತೋರಿಸಬೇಕು ಎಂದು ಒಂದು ಸಂಜೆ ಚಾವಡಿಗೆ ಬಂದೆ. ಅಜ್ಜಿಯೂ ಮಾವನೂ ಮಾತಾಡುತ್ತಿದ್ದರು.

"ಅಮ್ಮ, ಗುಳಿಗನ ಹುಂಜ ಒಳ್ಳೆ ಮಾಂಸ ಹಿಡಿದಿದೆ. ಯಾವಾಗ?"

"ಇವನ ಹೆದರಿಕೆ ಹೋದ ದಿನ. ಹೋಗದೆ ಹರಕೆ ಸಲ್ಲುದಿಲ್ಲ."

"ಬೇಗ ಹೋಗಲಿ. ಕೋಳಿ ರೊಟ್ಟಿ ತಿನ್ನದೆ ನನ್ನ ನಾಲಗೆ ತುಕ್ಕು ಹಿಡಿದಿದೆ."

ನಾನು ಬಾಗಿಲ ಚೌಕಟ್ಟು ಹಿಡಿದುಕೊಂಡೆ. ಹರಕೆ ಎಂದರೆ ಅಲ್ಲಿಯವರೆಗೆ ನನಗೆ ದೊಡ್ಡವರ ಮಾತು. ಈಗ ಅದರ ಎರಡು ತುದಿಯೂ ನನ್ನ ಕೈಗೆ ಬಂತು. ನನ್ನ ಹೆದರಿಕೆ ಹೋಗುವಂತೆ ಮಾಡಿದ್ದು ಆ ಕೋಳಿ. ನನ್ನ ಹೆದರಿಕೆ ಹೋಯಿತೆಂದು ತಿಳಿದರೆ ಆ ಕೋಳಿ ಸಾಯುತ್ತದೆ. ಅದೇ ಹೊತ್ತಿಗೆ ಏನೂ ತಿಳಿಯದ ಅದು ಅಂಗಳದಿಂದ ನನ್ನನ್ನು ಕಂಡು ಚಾವಡಿಯ ಮೆಟ್ಟಿಲು ಹತ್ತಿತು. ನಾನು ಇದ್ದ ಉಸಿರನ್ನೆಲ್ಲ ಸೇರಿಸಿ ಕಿರುಚಿದೆ. ಬೆಂಚಿನ ಮೇಲೆ ಹಾರಿದೆ. ಅದು ಬೆಂಚಿನ ಬುಡಕ್ಕೆ ಬಂದು ತಲೆ ಓರೆ ಮಾಡಿ ನನ್ನನ್ನು ನೋಡಿತು.

ಅಲ್ಲಿಂದ ಮುಂದಿನ ದಿನಗಳಷ್ಟು ಕಷ್ಟದ ದುಡಿಮೆ ನಾನು ಆಮೇಲೆಯೂ ಮಾಡಿಲ್ಲ. ಇಲ್ಲದ ಹೆದರಿಕೆಯನ್ನು ಹೊತ್ತು ತಿರುಗಬೇಕು. ಅಮ್ಮನ ಸೊಂಟದ ಮೇಲೆ ಅಂಗಳ ದಾಟಬೇಕು, ಅವಳು ಏದುಸಿರು ಬಿಡುವುದು ಕಿವಿಗೆ ಬೀಳುತ್ತಿದ್ದರೂ. ಕಿರುಚಲು ಒಂದು ಕ್ಷಣ ತಡವಾಗಬಾರದು. ಹಿಂದೆ ನಿಜವಾಗಿ ಹೆದರುತ್ತಿದ್ದಾಗ ಹೇಗೆ ಕಿರುಚುತ್ತಿದ್ದೆ ಎಂದು ಹಟ್ಟಿಯ ಹಿಂದೆ ಕುಳಿತು ನೆನಪು ಮಾಡಿಕೊಳ್ಳುತ್ತಿದ್ದೆ, ಮಡಿಲಲ್ಲಿ ಅದನ್ನೇ ಇಟ್ಟುಕೊಂಡು. ಮಾವನ ಕಣ್ಣು ಅಂಕದವರ ಕಣ್ಣು. ಹುಂಜ ನಿಂತ ರೀತಿಯಲ್ಲೇ ಅದು ಓಡುತ್ತದೋ ಹೊಡೆಯುತ್ತದೋ ಎಂದು ಹೇಳುವವರು. ಒಂದು ದಿನ ಊಟದ ಹೊತ್ತಿಗೆ ಹಿಂದಿನಿಂದ ಬಂದು ನನ್ನ ಮಡಿಲಿಗೆ ಒಂದು ಹೇಂಟೆ ಹಾಕಿದರು. ನಾನು ಬಟ್ಟಲು ಚೆಲ್ಲಿ, ಗೋಡೆಗೆ ಅಂಟಿ ನಡುಗಿದೆ. ನಡುಕ ನಿಜವೇ. ಸಿಕ್ಕಿಬೀಳುವ ನಡುಕ.

"ಎಂತ ಅಣ್ಣ ಇದು? ಮಗುವಿನ ಪ್ರಾಣ ತೆಗೀತೀಯಾ?" ಅಮ್ಮ ಸಿಡಿದಳು.

ಮಾವ ನನ್ನ ಅಂಗಿಯ ಕಡೆ ಬಗ್ಗಿ, ಜೇಬಿನ ಅಂಚಿನಿಂದ ಒಂದು ಸಣ್ಣ ಗರಿಯನ್ನು ಎತ್ತಿದರು. ಚಿನ್ನದ ಬಣ್ಣದ್ದು. ಹೇಂಟೆಯೋ ಕಪ್ಪು.

"ಇದು ಯಾರದ್ದು ಅಳಿಯ?"

"ಗಾಳಿಗೆ ಬಂತು."

"ಗಾಳಿ ಜೇಬಿನ ಗುಂಡಿ ಬಿಚ್ಚಿ ಒಳಗೂ ಹೋಯಿತಾ?"

ಅಜ್ಜಿ ಗಂಜಿಯ ಪಾತ್ರೆಯಿಂದ ತಲೆ ಎತ್ತಿದರು. "ಶೀನ, ಊಟ ಮಾಡು. ಗರಿ ನೋಡಿ ಹೊಟ್ಟೆ ತುಂಬುದಿಲ್ಲ." ಮಾವ ಗರಿಯನ್ನು ಕಿವಿಯ ಸಂದಿಗೆ ಸಿಕ್ಕಿಸಿಕೊಂಡು, ನನ್ನನ್ನೇ ನೋಡುತ್ತ ಉಂಡರು.

ದೀಪಾವಳಿ ಕಳೆದ ಮೇಲೆ ಅಮ್ಮನ ಬಲಗೈಯ ಹೆಬ್ಬೆರಳಿಗೆ ಉಗುರುಸುತ್ತು ಬಂತು. ಮೊದಲು ನಿಂಬೆಹಣ್ಣು ಕೊರೆದು ಬೆರಳಿಗೆ ತೊಡಿಸಿದರು. ಬಾವು ಅಂಗೈಗೆ ಇಳಿಯಿತು. ಕಾರ್ಕಳದ ಆಸ್ಪತ್ರೆಯಲ್ಲಿ ಕೊಯ್ದು ಪಟ್ಟಿ ಕಟ್ಟಿದರು, ಸೂಜಿ ಕೊಟ್ಟರು, ಕಡಿಮೆಯಾಗದಿದ್ದರೆ ಮತ್ತೆ ಬನ್ನಿ ಎಂದರು. ಮೊಣಕೈಯವರೆಗೆ ಕೆಂಪಾಯಿತು. ಜ್ವರ ಏರಿತು. ಅಮ್ಮ ಕೈಯನ್ನು ಗೋಡೆಗೆ ಎತ್ತಿ ಒರಗಿಸಿ ಮಲಗಿದ್ದಳು, ಇಳಿಸಿದರೆ ಸಿಡಿಯುತ್ತದೆಂದು. ಬೀಡಿಯ ಮೊರ ಗೋಡೆಗೆ ತೂಗಿತ್ತು. ಆ ಮೊರ ಗೋಡೆಯಲ್ಲಿದ್ದುದನ್ನು ನಾನು ಅದಕ್ಕೆ ಮೊದಲು ನೋಡಿದ್ದೇ ಇಲ್ಲ. ಹೆಬ್ಬೆರಳಿಲ್ಲದವರು ಬೀಡಿ ಸುತ್ತುವುದು ಹೇಗೆ ಎಂದು ಯೋಚಿಸುತ್ತ, ನನ್ನ ಹೆಬ್ಬೆರಳನ್ನು ಮಡಿಚಿ ಎಲೆ ಸುರುಳಿ ಸುತ್ತಿ ನೋಡಿದೆ. ಆಗಲಿಲ್ಲ.

"ಇದು ಬರೀ ಉಗುರುಸುತ್ತು ಅಲ್ಲ ಅಮ್ಮ," ಮಾವ ಚಾವಡಿಯಲ್ಲಿ ದನಿ ತಗ್ಗಿಸಿ ಹೇಳಿದರು. ನಗುವ ಮನುಷ್ಯ ದನಿ ತಗ್ಗಿಸಿದರೆ ಮನೆಯೇ ತಗ್ಗಿದ ಹಾಗೆ. "ಗುಳಿಗನ ಬಾಕಿ ಉಂಟು. ಅವನು ಎಷ್ಟು ದಿನ ಕಾಯ್ತಾನೆ?"

"ಹುಡುಗನ ಹೆದರಿಕೆ ಹೋಗಲಿಲ್ಲವಲ್ಲ."

"ಹೋಗಲಿಲ್ಲ ಅಂತ ನೀವು ಹೇಳ್ತೀರಿ. ಗುಳಿಗನಿಗೆ ಕಣ್ಣಿಲ್ವಾ? ಯಾರಾದರೂ ಅವನಿಗೆ ಮೋಸ ಮಾಡ್ತಾ ಇದ್ದರೆ?"

ಒಳಗೆ ಅಮ್ಮ ನರಳಿದಳು. ನಾನು ಬಾಗಿಲ ಸಂದಿಯಿಂದ ಅವಳ ಕೈ ನೋಡಿದೆ. ಆಮೇಲೆ ಅಂಗಳ ನೋಡಿದೆ. ನನ್ನ ಕೋಳಿ ಕಾಸರಕನ ಮರದ ನೆರಳಿನಲ್ಲಿ ಮಣ್ಣು ಕೆದರುತ್ತಿತ್ತು. ಒಂದು ಸಲ ಕೆದರಿ, ಹಿಂದೆ ಸರಿದು, ಒಳ್ಳೆಯದೇನಾದರೂ ಸಿಕ್ಕಿತೋ ಎಂದು ನೋಡಿ, ಮತ್ತೆ ಕೆದರಿ. ಅದಕ್ಕೆ ಅವತ್ತೂ ಬೇರೆ ದಿನಗಳ ಹಾಗೆಯೇ. ಅಮ್ಮನ ಕೈ ಹೋದರೆ ಅದು ನನ್ನಿಂದ. ಆ ಕೋಳಿ ಹೋದರೆ ಅದೂ ನನ್ನಿಂದ. ಅಷ್ಟು ಸಣ್ಣವನಿಗೆ ಅಷ್ಟು ದೊಡ್ಡ ತಕ್ಕಡಿಯನ್ನು ಯಾರು ಕೊಟ್ಟರೋ.

ನಾನು ಚಾವಡಿಯ ಮೆಟ್ಟಿಲು ಇಳಿದೆ. ಬಹಳ ದಿನಗಳ ಮೇಲೆ, ಅವರೆಲ್ಲರ ಎದುರು, ನನ್ನ ಕಾಲಿನಲ್ಲಿ. ಗೂಟದ ಹುಂಜಗಳ ನಡುವೆ ನಡೆದೆ. ಒಂದು ರೆಕ್ಕೆ ಬಡಿದು ಹಗ್ಗ ಜಗ್ಗಿತು. ನಾನು ನಿಲ್ಲಲಿಲ್ಲ. ಏ ಎಂದೆ. ಅದು ಓಡಿಬಂತು. ಬಾರದೆ ಇದ್ದಿದ್ದರೆ ಎಂದು ಎಷ್ಟೋ ವರ್ಷ ಯೋಚಿಸಿದ್ದೇನೆ. ಬಗ್ಗಿ ಎದೆಯಡಿ ಕೈಕೊಟ್ಟು ಎತ್ತಿದೆ. ಈಗ ಹಗುರ ಇರಲಿಲ್ಲ. ಅದನ್ನು ತಂದು ಮಾವನ ಎದುರು ನಿಂತೆ.

"ನನ್ನ ಹೆದರಿಕೆ ಹೋಗಿದೆ. ಮಳೆಗಾಲದಲ್ಲೇ ಹೋಗಿದೆ. ಅಮ್ಮನ ಕೈ ಬಿಡಲಿಕ್ಕೆ ಹೇಳಿ ಗುಳಿಗನಿಗೆ."

ಮಾವ ನಗುತ್ತಾರೆಂದು ನಾನು ಅಂದುಕೊಂಡಿದ್ದೆ. ಅವರು ನಗಲಿಲ್ಲ. ನನ್ನ ತಲೆಯ ಮೇಲೆ ಒಮ್ಮೆ ಕೈಯಿಟ್ಟು ಒಳಗೆ ಹೋದರು, ಕತ್ತಿ ತಂದರು. ಗುಳಿಗನ ಕಲ್ಲಿನ ಎದುರು ದೀಪ ಹಚ್ಚಿದರು, ಬಾಳೆ ಎಲೆಯ ತುಂಡಿನ ಮೇಲೆ ಅಕ್ಕಿ ಹಾಕಿದರು, ನೀರು ಚಿಮುಕಿಸಿದರು. ಎಲ್ಲವೂ ಬೇಗ ಬೇಗ. ಆಮೇಲೆ ನನ್ನ ಕಡೆ ಎರಡೂ ಕೈ ಚಾಚಿದರು. ಅದು ನನ್ನ ಅಂಗಿಯ ಗುಂಡಿಯನ್ನು ಕುಕ್ಕುತ್ತಿತ್ತು. ನನ್ನ ಕೈಗಳು ಬಿಡಲಿಲ್ಲ. ನಾನು ಬಿಡು ಎನ್ನುತ್ತಿದ್ದೆ, ಅವು ಬಿಡಲಿಲ್ಲ.

"ಸ್ವಲ್ಪ ನಿಲ್ಲು ಶೀನ."

ಅಜ್ಜಿ ಚಾವಡಿಯಿಂದ ಇಳಿದು ಬಂದರು. ಬರುವಾಗ ದಾರಿಯಲ್ಲಿ ಎಲೆಅಡಿಕೆಯನ್ನು ಉಗಿದು, ಬಾಯಿ ತೊಳೆದು, ಸೆರಗಿನಲ್ಲಿ ಒರಸಿಕೊಂಡರು.

"ಗುಳಿಗನ ಎದುರು ಆಡಿದ ಮಾತು ಆಡಿದ ಹಾಗೆಯೇ ಸಲ್ಲಬೇಕು. ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ. ಹೌದಾ?"

"ಹೌದು. ಕೋಳಿ ಕೊಡ್ತೇನೆ ಅಂತ ಹೇಳಿದ್ದೀರಿ. ಕೊಡುವ."

"ನೀನು ಆವತ್ತು ಮನೆಯಲ್ಲಿರಲಿಲ್ಲ. ಕೇಳಿದವನು ಇವನು." ಅಜ್ಜಿ ನನ್ನ ಕಡೆ ತಿರುಗಿದರು. ಅವರ ಕಣ್ಣಿನ ಪೊರೆ ನೀಲಿಯಾಗಿ ಹೊಳೆಯುತ್ತಿತ್ತು. "ಮಗ, ನಾನು 'ಕೊರ್ಪೆ' ಅಂದೆನಾ, 'ಕೆರ್ಪೆ' ಅಂದೆನಾ? ಗುಳಿಗ ಕೇಳ್ತಾ ಇದ್ದಾನೆ. ಸರಿಯಾಗಿ ಹೇಳು."

ಕೊಡುತ್ತೇನೆ, ಕೊಲ್ಲುತ್ತೇನೆ. ನಾಲಗೆಯ ತುದಿಯಲ್ಲಿ ಎರಡೂ ಇದ್ದವು. ಒಂದನ್ನು ಹೇಳಿದರೆ ಕೋಳಿ ಬದುಕುತ್ತದೆ ಎಂಬುದು ನನಗೆ ಕೂಡಲೇ ಹೊಳೆಯಿತು. ಅಜ್ಜಿ ಬಾಗಿಲು ತೆರೆದಿಟ್ಟು ನಿಂತಿದ್ದರು. ಆದರೆ ಒಳಗೆ ಅಮ್ಮ ಮಲಗಿದ್ದಳು, ಎದುರಿಗೆ ದೀಪ ಉರಿಯುತ್ತಿತ್ತು, ಇಷ್ಟು ದಿನ ಸುಳ್ಳು ಕಿರುಚಿ ನನ್ನ ಗಂಟಲು ಸೋತಿತ್ತು.

"ನನಗೆ ಗೊತ್ತಿಲ್ಲ ಅಜ್ಜಿ," ಎಂದೆ. "ನಿಮ್ಮ ಬಾಯಲ್ಲಿ ಎಲೆಅಡಿಕೆ ಇತ್ತು."

ಒಳಗಿನಿಂದ ಒಂದು ಸದ್ದು ಬಂತು. ನರಳುವುದೆಂದುಕೊಂಡೆ. ಅಮ್ಮ ನಗುತ್ತಿದ್ದಳು, ನೋವಿನಲ್ಲಿ, ತಡೆದು ತಡೆದು. ಅಜ್ಜಿಯ ಮುಖದ ಗೆರೆಗಳು ಒಮ್ಮೆ ಅಲುಗಿದವು.

"ಕೇಳಿದವನಿಗೆ ಗೊತ್ತಿಲ್ಲದಿದ್ದರೆ ಹೇಳಿದವಳಿಗೆ ಗೊತ್ತುಂಟು. ನಾನು ಕೊರ್ಪೆ ಅಂದೆ. ಕೊಡ್ತೇನೆ ಅಂದದ್ದು, ಕೊಲ್ಲುತ್ತೇನೆ ಅನ್ನಲಿಲ್ಲ."

"ಎಂತ ಅಮ್ಮ ನೀವು? ಕೊಡುದು ಅಂದ್ರೆ ಕೊಯ್ಯುದೇ ಅಲ್ವಾ? ಜೀವ ಇರುವ ಕೋಳಿ ಕಟ್ಟಿಕೊಂಡು ಗುಳಿಗ ಎಂತ ಮಾಡ್ತಾನೆ?"

"ಅದು ಗುಳಿಗನ ಕೆಲಸ. ನಿನ್ನದಲ್ಲ."

"ಅವನು ಒಪ್ಪದಿದ್ದರೆ? ಕಮಲನ ಕೈ..." ಮಾವನ ದನಿ ಒಡೆಯಿತು. ಅವರಿಗೂ ಕೋಳಿ ರೊಟ್ಟಿ ಮರೆತುಹೋಗಿತ್ತು.

"ಒಪ್ಪಿದರೆ ಕೋಳಿಯಿಂದ ಅಕ್ಕಿ ಮುಟ್ಟಿಸ್ತಾನೆ. ಮುಟ್ಟದಿದ್ದರೆ ಕತ್ತಿ ನಿನ್ನ ಕೈಯಲ್ಲೇ ಉಂಟು." ಮಗಳ ಕೈಯನ್ನೂ ನನ್ನ ಕೋಳಿಯನ್ನೂ ಅಜ್ಜಿ ಒಂದೇ ಎಲೆಯ ಮೇಲೆ ಇಟ್ಟಿದ್ದರು. "ಇಳಿಸು ಮಗ. ಇಳಿಸಿ ಹಿಂದೆ ಬಾ. ಕೈ ಬೆನ್ನ ಹಿಂದೆ ಇರಲಿ. ಕರೆಯಬಾರದು."

ಕಲ್ಲಿನ ಎದುರು ಇಳಿಸಿದೆ. ಹಿಂದೆ ಬಂದೆ. ಅದು ಅಕ್ಕಿಯ ಕಡೆ ನೋಡಲೇ ಇಲ್ಲ. ತಿರುಗಿ ನನ್ನ ಕಡೆಗೆ ಬಂತು. ಮಾವ ಕತ್ತಿಯನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಿಸಿದರು. ನಾನು ಅದನ್ನು ನೋಡದೆ ಮರದ ತುದಿ ನೋಡಿದೆ. ಅದು ನನ್ನ ಕಾಲ ಹತ್ತಿರ ನಿಂತಿತು, ಎತ್ತಿಕೊಳ್ಳಲಿ ಎಂದು. ನಾನು ಎತ್ತಿಕೊಳ್ಳಲಿಲ್ಲ. ಬೆನ್ನ ಹಿಂದೆ ನನ್ನ ಕೈ ನನ್ನ ಕೈಯನ್ನೇ ಹಿಡಿದುಕೊಂಡಿತ್ತು. ಅದು ಒಂದು ಸಲ ಕೊರ್ ಎಂದಿತು, ಕಾದಿತು, ಮತ್ತೆ ನಿಧಾನವಾಗಿ ಹಿಂದೆ ನಡೆಯಿತು. ಎಲೆಯ ಅಂಚು ಕೆದರಿತು. ಬಗ್ಗಿತು. ಕೊಕ್ಕಿನ ಟಕ್ ಟಕ್ ಸದ್ದು ಕೇಳಿದ ಮೇಲೆಯೇ ನಾನು ಕಣ್ಣು ಇಳಿಸಿದ್ದು.

ಮಾವ ಕತ್ತಿಯನ್ನು ಕೆಳಗಿಟ್ಟು ಕಲ್ಲಿಗೆ ಕೈಮುಗಿದರು. ಆಮೇಲೆ ಅಮ್ಮನನ್ನು ಎತ್ತಿಕೊಂಡೇ ರಸ್ತೆಗೆ ಓಡಿದರು, ಬಸ್ಸು ಹಿಡಿದು 'ಮತ್ತೆ ಬನ್ನಿ' ಎಂದ ಆಸ್ಪತ್ರೆಗೆ. ಅಲ್ಲಿ ಇನ್ನೊಮ್ಮೆ ಆಳವಾಗಿ ಕೊಯ್ದು ಕೀವು ತೆಗೆದರು. ಉಗುರು ಹೋಯಿತು, ಹೆಬ್ಬೆರಳು ಉಳಿಯಿತು. ಗುಳಿಗನೆಂದು ಅಜ್ಜಿ, ಡಾಕ್ಟರೆಂದು ಅಮ್ಮ. ಈ ಜಗಳ ಅವರಿಬ್ಬರೂ ಇರುವವರೆಗೆ ಮುಗಿಯಲಿಲ್ಲ.

ಅವರು ಆಸ್ಪತ್ರೆಗೆ ಹೋದ ಮೇಲೆ ಮನೆಯಲ್ಲಿ ನಾನು, ಅಜ್ಜಿ. ಅಜ್ಜಿ ಎಲೆಅಡಿಕೆ ಕುಟ್ಟುತ್ತ ಕುಳಿತರು.

"ಅದು ಇನ್ನು ಗುಳಿಗನ ಸೊತ್ತು. ಶೀನ ಮುಟ್ಟುವ ಹಾಗಿಲ್ಲ. ನಾನೂ ಇಲ್ಲ."

ಅವರು ಇನ್ನೇನು ಹೇಳುತ್ತಾರೆಂದು ನನಗೆ ಗೊತ್ತಿತ್ತು.

"ನೀನೂ ಇಲ್ಲ ಮಗ. ಕೊಟ್ಟದ್ದು ಕೊಟ್ಟ ಹಾಗೆ ಇರಬೇಕು."

"ಒಂದು ಸಲವೂ?"

"ಒಂದು ಸಲವೂ." ಕುಟ್ಟಾಣಿಯ ಸದ್ದು ನಿಂತಿತು. "ಅದರ ಕಾಲಿನ ನೂಲನ್ನು ಮಳೆಗಾಲದಲ್ಲೇ ಮುಟ್ಟಿ ನೋಡಿದ್ದೆ. ಅದು ಬೀಡಿಯ ಗಂಟು. ನಾನು ಬೀಡಿ ಕಟ್ಟಿದವಳಲ್ಲ."

ಮರುದಿನ ಬೆಳಿಗ್ಗೆ ನಾನು ಚಾವಡಿಯ ಮೆಟ್ಟಿಲಿನ ಮೇಲೆ ಕುಳಿತೆ, ಹಿಂದೆ ಹೆದರಿಕೆಯಿಂದ ಕುಳಿತಿರುತ್ತಿದ್ದ ಅದೇ ಜಾಗದಲ್ಲಿ. ಅದು ಕಾಸರಕನ ಮರದಿಂದ ಇಳಿಯಿತು, ಮೈ ಕೊಡವಿತು, ಗೂಟದ ಹುಂಜಗಳ ನಡುವೆ ಯಜಮಾನನ ಹಾಗೆ ನಡೆದು ನೇರವಾಗಿ ನನ್ನ ಹತ್ತಿರ ಬಂತು. ನಾನು ಎರಡೂ ಕೈಯನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡೆ. ಅದು ಮೆಟ್ಟಿಲು ಹತ್ತಿತು. ತಲೆ ಓರೆ ಮಾಡಿ ನೋಡಿತು. ನನ್ನ ಪಾದದ ಮೇಲೆ ತನ್ನ ಕಾಲಿಟ್ಟು ನಿಂತು, ಅಂಗಿಯ ಕೊನೆಯ ಗುಂಡಿಯನ್ನು ಕುಕ್ಕತೊಡಗಿತು. ನಾನು ಅಲುಗಲಿಲ್ಲ. ಅದು ನನ್ನನ್ನು ಮುಟ್ಟಬಾರದೆಂದು ಅಜ್ಜಿ ಹೇಳಿರಲಿಲ್ಲ.